ಪಾಂಡಾ ತಾನಾಗಿ ತೋಳು ಚಾಚುವಂತೆ ಮಾಡುವುದು: ಗೆಳೆಯನಿಗೊಂದು ಪತ್ರ

ಪ್ರಿಯ ರವಿ,

ಅರಿವಳಿಕೆ ಇಲ್ಲದೆ ಪಾಂಡಾದ ರಕ್ತ ತೆಗೆಯುತ್ತಾರೆ ಅನ್ನೋದು ನಿಜವೇ ಎಂದು ಕೇಳಿದ್ದೆ. ನಿಜ. ಅಮೆರಿಕದ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮೃಗಾಲಯದಲ್ಲೂ, 2024ರವರೆಗೆ ಪಾಂಡಾಗಳಿದ್ದ ಅಟ್ಲಾಂಟಾ ಮೃಗಾಲಯದಲ್ಲೂ ವರ್ಷಗಟ್ಟಲೆ ರೂಢಿಯಲ್ಲಿದ್ದ ಕ್ರಮ ಅದು. ಆದರೆ ಸೂಜಿ ಚುಚ್ಚುವುದು ಕಟ್ಟಕಡೆಯ ಹೆಜ್ಜೆ. ನೀನು ನಿನ್ನಲ್ಲಿನ ಕರಡಿಗಳಿಗೆ ಇದನ್ನು ಕಲಿಸಬೇಕೆಂದಿದ್ದರೆ ಅದಕ್ಕೂ ಮುಂಚಿನ ಕೆಲಸವೇ ಮುಖ್ಯ.

ಮುದ್ದಾಗಿ ಕಂಡರೂ ಪಾಂಡಾ ನೂರು ಕಿಲೋ ದಾಟುವ ಕರಡಿ. ಬಿದಿರಿನ ಗಳವನ್ನು ಸೀಳುವ ದವಡೆಗೆ ಮನುಷ್ಯನ ಕೈ ಯಾವ ಲೆಕ್ಕ? ಹಾಗಾಗಿ ಬೆಳೆದ ಪಾಂಡಾಕ್ಕೂ ಪಾಲಕರಿಗೂ ನಡುವೆ ಸರಳಿನ ಜಾಲರಿ ಇದ್ದೇ ಇರುತ್ತದೆ. ತರಬೇತಿಯೆಲ್ಲ ಜಾಲರಿಯ ಈಚೆಯಿಂದಲೇ.

ಮೊದಲು ಸೀಟಿ. ಸೀಟಿ ಊದಿದ ಕೂಡಲೇ ಒಂದು ಚೂರು ಸೇಬು. ಸದ್ದು ಕೇಳಿದರೆ ತಿನಿಸು ಖಂಡಿತ ಎಂದು ತಲೆಗೆ ಹತ್ತುವವರೆಗೆ ಇಷ್ಟೇ. ಆಮೇಲೆ ತುದಿಗೆ ಚೆಂಡು ಸಿಕ್ಕಿಸಿದ ಕೋಲು: ಮೂಗು ಚೆಂಡಿಗೆ ತಾಗಿದ ಕ್ಷಣಕ್ಕೆ ಸೀಟಿ, ಬೆನ್ನಿಗೇ ತಿನಿಸು. ಕೋಲು ಹೋದಲ್ಲಿಗೆ ಪ್ರಾಣಿ ಬರಲು ಕಲಿತರೆ ತಕ್ಕಡಿ ಹತ್ತಿಸುವುದು, ಬಾಯಿ ತೆರೆಸುವುದು, ಮಲಗಿಸುವುದು ಎಲ್ಲ ಸುಲಭ.

ರಕ್ತಕ್ಕಾಗಿ ಪಂಜರದ ಹೊರಬದಿಗೆ ಉದ್ದನೆಯ ಲೋಹದ ದೋಣಿಯೊಂದನ್ನು, ಅಂದರೆ ತೋಳು ಚಾಚುವಷ್ಟು ಅಗಲದ ತೊಟ್ಟಿಯನ್ನು, ಜೋಡಿಸಿರುತ್ತಾರೆ. ಪಾಂಡಾ ಅದರೊಳಗೆ ತೋಳು ಚಾಚಿ ತುದಿಯ ಅಡ್ಡಸರಳು ಹಿಡಿಯಬೇಕು. ಒಬ್ಬರು ಬಾಯಿಯ ಬಳಿ ಜೇನು ನೆಕ್ಕಿಸುತ್ತಾ ನಿಲ್ಲುತ್ತಾರೆ, ಇನ್ನೊಬ್ಬರು ತೋಳಿನ ಕೆಲಸ ನೋಡಿಕೊಳ್ಳುತ್ತಾರೆ. ಮೊದಮೊದಲು ಬರೀ ಮುಟ್ಟುವುದು. ನಂತರ ಕೂದಲು ಬೋಳಿಸುವ ಯಂತ್ರದ ಸದ್ದು, ಆಮೇಲೆ ಸ್ಪಿರಿಟ್ಟಿನ ತಣ್ಣನೆಯ ಹತ್ತಿ, ಬೆರಳಿನ ಒತ್ತಡ, ಮೊಂಡು ತುದಿಯ ಚುಚ್ಚು. ಇವೆಲ್ಲಕ್ಕೂ ತೋಳು ಅಲುಗದಿದ್ದ ಮೇಲೆಯೇ ಸೂಜಿ.

ಕೆಡುವುದು ಎಲ್ಲಿ ಗೊತ್ತಾ? ಸೀಟಿ ತಡವಾದರೆ ತೋಳು ಹಿಂದಕ್ಕೆಳೆದದ್ದಕ್ಕೇ ಬಹುಮಾನ ಸಿಕ್ಕಂತಾಗುತ್ತದೆ, ಅದನ್ನೇ ಚೆನ್ನಾಗಿ ಕಲಿಯುತ್ತದೆ. ಇಬ್ಬರು ಪಾಲಕರು ಒಂದೇ ಕೆಲಸಕ್ಕೆ ಬೇರೆ ಬೇರೆ ಸನ್ನೆ ಮಾಡಿದರೆ ಗೊಂದಲ. ವೈದ್ಯರು ಸೂಜಿಯ ದಿನ ಮಾತ್ರ ಮುಖ ತೋರಿಸಿದರೆ ಅವರನ್ನು ಕಂಡೊಡನೆ ಪ್ರಾಣಿ ದೂರ ಸರಿಯುತ್ತದೆ. ಅವರು ಏನೂ ಮಾಡದೆ ಜೇನು ಕೊಟ್ಟು ಹೋಗುವ ದಿನಗಳೇ ಹೆಚ್ಚಿರಬೇಕು. ನೋವಾಗಿ ತೋಳು ಕೊಡಲು ಹಿಂಜರಿದರೆ ಎರಡು ಹೆಜ್ಜೆ ಹಿಂದಕ್ಕೆ ಬಾ. ತೋಳನ್ನು ಕಟ್ಟಿಹಾಕುವ ಆಸೆ ಮಾತ್ರ ಬೇಡ. ಯಾವಾಗ ಬೇಕಾದರೂ ತೋಳು ಎಳೆದುಕೊಳ್ಳಬಹುದು ಎಂಬ ನಂಬಿಕೆಯಿಂದಲೇ ಅದು ತೋಳು ಕೊಡುವುದು. ಉಪವಾಸ ಕೆಡವಿ ಕಲಿಸುವುದೂ ಕೂಡದು. ಜೇನು, ಸೇಬು, ಗೆಣಸು ಎಲ್ಲವೂ ಆ ದಿನದ ಆಹಾರದ ಲೆಕ್ಕದೊಳಗೇ ಬರಬೇಕು.

ಇಷ್ಟೆಲ್ಲ ಪಾಡು ಯಾಕೆಂದರೆ, ಹೆಣ್ಣು ಪಾಂಡಾ ಬೆದೆಗೆ ಬರುವುದು ವರ್ಷಕ್ಕೊಮ್ಮೆ, ವಸಂತದಲ್ಲಿ. ಗರ್ಭ ಕಟ್ಟುವ ಅವಕಾಶ ಒಂದರಿಂದ ಮೂರು ದಿನ. ನೆಲದ ಮೇಲಿನ ಮೂತ್ರವನ್ನು ಸಿರಿಂಜಿನಲ್ಲಿ ಹೀರಿ ಹಾರ್ಮೋನು ಅಳೆಯುತ್ತಾರೆ. ಆದರೆ ಗರ್ಭವಿಲ್ಲದಿದ್ದರೂ ಹಾರ್ಮೋನಿನ ಏರಿಳಿತ ಗರ್ಭಿಣಿಯದರಂತೆಯೇ ಇರುತ್ತದೆ, ಗೂಡು ಕಟ್ಟುವ ವರಸೆಯೂ ಹಾಗೇ. ಸ್ಕ್ಯಾನ್‌ನಲ್ಲಿ ಭ್ರೂಣ ಕಂಡರೆ ಮಾತ್ರ ಖಾತ್ರಿ, ಅದಕ್ಕೆ ಪ್ರಾಣಿ ಸುಮ್ಮನೆ ಒರಗಿ ಹೊಟ್ಟೆ ಒಡ್ಡಬೇಕು. ವಾಷಿಂಗ್ಟನ್ನಿನಲ್ಲಿದ್ದ ಮೇ ಶಿಯಾಂಗ್ ಎಂಬ ಹೆಣ್ಣು ಪಾಂಡಾ ಇದರಲ್ಲಿ ಪಳಗಿದ್ದಳು. 2020ರ ಆಗಸ್ಟ್ 21ರಂದು ಮರಿ ಹಾಕಿದಾಗ ಅವಳಿಗೆ 22 ವರ್ಷ.

ಮರಿಯ ತೂಕ ಸುಮಾರು 100 ಗ್ರಾಂ. ಅವಳಿಯಾದರೆ ತಾಯಿ ಸಾಮಾನ್ಯವಾಗಿ ಒಂದನ್ನೇ ಸಾಕುತ್ತದೆ. ಚೀನಾದ ಚೆಂಗ್ಡುವಿನ ಪಾಂಡಾ ಕೇಂದ್ರದಲ್ಲಿ ಜೇನುನೀರಿನ ಬಟ್ಟಲು ಮುಂದೆ ಹಿಡಿದು, ತಾಯಿ ಕುಡಿಯುತ್ತಿರುವಾಗ ಮರಿಯನ್ನು ಬದಲಿಸಿ, ಇನ್ನೊಂದನ್ನು ಇನ್‌ಕ್ಯುಬೇಟರಿನಲ್ಲಿ ಇಡುತ್ತಾರೆ. ಹೀಗೆ ಸರದಿಯ ಮೇಲೆ ಎರಡಕ್ಕೂ ತಾಯಿಹಾಲು.

ದಿನದ ಬಹುಪಾಲು ಹೊತ್ತು ಹೋಗುವುದು ಮಾತ್ರ ಬಿದಿರಿಗೆ. ಮಾಂಸಾಹಾರಿಯ ಗಿಡ್ಡ ಕರುಳಿಟ್ಟುಕೊಂಡು ಬಿದಿರು ತಿನ್ನುವ ಪ್ರಾಣಿ ಇದು. ತಿಂದದ್ದರಲ್ಲಿ ದಕ್ಕುವುದು ಐದನೇ ಒಂದು ಪಾಲೂ ಅಲ್ಲ. ಅದಕ್ಕೇ ದಿನಕ್ಕೆ 12ರಿಂದ 38 ಕಿಲೋ ಬೇಕು. ಒಂದು ಋತುವಿನಲ್ಲಿ ಎಲೆ, ಇನ್ನೊಂದರಲ್ಲಿ ಗಳ, ಕಳಲೆ ಬಂದಾಗ ಕಳಲೆಯೇ. ಬಾಡಿದ್ದನ್ನು ಮೂಸಿ ಬಿಸಾಡುತ್ತದೆ, ಆದ್ದರಿಂದ ಕಡಿದ ಬಿದಿರಿಗೆ ನೀರು ಚಿಮುಕಿಸಿ ತಂಪಿನಲ್ಲಿಡಬೇಕು. ತಿಂದದ್ದೆಷ್ಟು ಎಂದು ತಿಳಿಯಲು ಉಳಿದದ್ದನ್ನು ತೂಗಿ ಕಳೆದರೆ ಸಾಲದು. ಅಷ್ಟರಲ್ಲಿ ಬಿದಿರು ಒಣಗಿಯೂ ಹಗುರಾಗಿರುತ್ತದೆ. ಪ್ರಾಣಿಗೆ ಸಿಗದಂತೆ ಒಂದು ಕಟ್ಟನ್ನು ಪಕ್ಕದಲ್ಲೇ ಇಟ್ಟು, ಅದರ ತೂಕ ಇಳಿದಷ್ಟು ಪ್ರಮಾಣದಲ್ಲಿ ಲೆಕ್ಕ ತಿದ್ದಬೇಕು.

ಲದ್ದಿಯನ್ನೂ ದಿನಾ ನೋಡುತ್ತಾರೆ. ಎಲೆ ತಿಂದರೆ ಹಸಿರು, ಗಳ ತಿಂದರೆ ಹಳದಿ. ಆಗೊಮ್ಮೆ ಈಗೊಮ್ಮೆ ಬರೀ ಲೋಳೆ ಬೀಳುತ್ತದೆ; ಅದಕ್ಕೆ ಮುಂಚೆ ಹೊಟ್ಟೆನೋವು, ಮಂಕು, ಊಟ ಬೇಡ. ಲೋಳೆ ಬಿದ್ದ ಮೇಲೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಅಂಥ ದಿನ ತರಬೇತಿಯ ಮಾತೇ ಎತ್ತಬಾರದು.

ಇನ್ನು ನಿನ್ನ ಕರಡಿಗೆ ಬರೋಣ. ಪಾಂಡಾಕ್ಕೆ ಮಣಿಕಟ್ಟಿನ ಮೂಳೆಯೊಂದು ಬೆಳೆದು ಹೆಬ್ಬೆರಳಿನ ಕೆಲಸ ಮಾಡುತ್ತದೆ, ಹಾಗಾಗಿ ಸರಳನ್ನು ಹಿಡಿಯುತ್ತದೆ. ನಮ್ಮ ಕರಡಿಗೆ ಅದಿಲ್ಲ, ಉದ್ದನೆಯ ಉಗುರುಗಳಿವೆ. ಸರಳಿಗೆ ಉಗುರು ಕೊಕ್ಕೆ ಹಾಕಿ ನಿಲ್ಲುವಷ್ಟು ಜಾಗ ಬಿಡಿಸು, ದೋಣಿಯ ಬಾಯಿಯನ್ನೂ ಇನ್ನಷ್ಟು ಅಗಲ ಮಾಡಿಸು. ಗೆದ್ದಲು ಹೀರುವ ಬಾಯಿ ಅದು, ಜಾಲರಿಯ ಈಚೆಯಿಂದ ನಳಿಕೆಯಲ್ಲಿ ಜೇನು ಕೊಟ್ಟರೆ ಸಾಕು. ಕೆಲಸಗಾರನಿಗೆ ಹೇಳುವ ಮುಂಚೆ ದೋಣಿಯ ಅಳತೆ ಬರೆದು ಕಳಿಸು, ನೋಡುತ್ತೇನೆ.

ಇಂತಿ ನಿನ್ನ,
ಗೆಳೆಯ