ಗೋಸುಂಬೆಗೆ ಬೇಜಾರಾದ ದಿನ

ಪ್ರೀತಿಯ ಪುಟ್ಟಿ,

ನಿನ್ನ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇನೆ. ‘ದಿ ಮಿಕ್ಸ್ಡ್-ಅಪ್ ಕಮೀಲಿಯನ್’ ಅಂತ. 1975ರಲ್ಲಿ ಬಂದದ್ದು. ನೀನು ಚಿಕ್ಕವಳಿದ್ದಾಗ ದಿನಾ ಓದಿಸಿಕೊಳ್ಳುತ್ತಿದ್ದ ಹಸಿದ ಕಂಬಳಿಹುಳುವಿನ ಕಥೆ ಬರೆದ ಎರಿಕ್ ಕಾರ್ಲ್ ಅವರದೇ. ಇಷ್ಟು ದೊಡ್ಡವಳಿಗೆ ಚಿತ್ರದ ಪುಸ್ತಕ ಯಾಕೆ ಅನ್ನಬೇಡ. ಅಕ್ಕನ ಹಾಗೆ ಹಾಡಬೇಕು, ಗೆಳತಿಯ ಹಾಗೆ ಈಜಬೇಕು, ನನಗೆ ಏನೂ ಬರಲ್ಲ ಅಂತ ಈಚೆಗೆ ಮುಖ ಸಣ್ಣ ಮಾಡಿಕೊಂಡು ಓಡಾಡುತ್ತಿದ್ದೀಯಲ್ಲ, ಅದಕ್ಕೆ.

ಕಥೆಯಲ್ಲಿ ಒಂದು ಪುಟ್ಟ ಗೋಸುಂಬೆ ಇದೆ. ಎಲೆ ಮೇಲೆ ಹಸಿರು, ಮರದ ಮೇಲೆ ಕಂದು, ಹೂವಿನ ಮೇಲೆ ಕೆಂಪು. ಹಸಿವಾದರೆ ಅಲ್ಲಾಡದೆ ಕೂರುತ್ತದೆ. ನೊಣ ಕಂಡರೆ ನಾಲಿಗೆ ಚಾಚಿ ಗುಳುಂ. ಇಷ್ಟೇ ಅದರ ಬದುಕು. ಒಂದು ದಿನ ಅದಕ್ಕೆ ಮೃಗಾಲಯ ಕಾಣುತ್ತದೆ. ಹಿಮಕರಡಿಯ ಹಾಗೆ ದೊಡ್ಡದಾಗಿ, ಬೆಳ್ಳಗೆ ಇರಬೇಕು ಅನ್ನಿಸುತ್ತದೆ. ಅನ್ನಿಸಿದ್ದೇ ತಡ, ಹಾಗೇ ಆಗುತ್ತದೆ! ಆದರೂ ಸಾಲದು. ಫ್ಲೆಮಿಂಗೊ ರೆಕ್ಕೆ, ನರಿಯ ಬಾಲ, ಜಿಂಕೆಯ ಕೊಂಬು, ಜಿರಾಫೆಯ ಕತ್ತು, ಆಮೆಯ ಚಿಪ್ಪು, ಆನೆಯ ಸೊಂಡಿಲು. ಕೊನೆಗೆ ಮನುಷ್ಯರ ಹಾಗೆ ಟೋಪಿ, ಕೊಡೆ ಕೂಡ. ತೆಳು ಕಾಗದಕ್ಕೆ ಬಣ್ಣ ಬಳಿದು, ಕತ್ತರಿಸಿ, ಅಂಟಿಸಿ ಚಿತ್ರ ಮಾಡುವುದು ಕಾರ್ಲ್ ಅವರ ರೀತಿ. ಆ ಪುಟದಲ್ಲಿ ಸ್ವಲ್ಪ ಹೊತ್ತು ನಿಂತು ನೋಡು. ಗೋಸುಂಬೆ ಎಲ್ಲಿದೆ ಅಂತ ಹುಡುಕಬೇಕು.

ಅಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತದೆ. ಎದುರಿಗೇ ನೊಣ. ಹಿಡಿಯಲು ಆಗುವುದೇ ಇಲ್ಲ.

ಇಂಥ ಕಥೆ ಓದಿಸಿ ‘ಇದ್ದಿದ್ದರಲ್ಲೇ ತೃಪ್ತಿಯಾಗಿರು’ ಅಂತ ಮಕ್ಕಳಿಗೆ ಬುದ್ಧಿ ಹೇಳುವವರು ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ಈ ಪುಸ್ತಕದಲ್ಲಿ ಗೋಸುಂಬೆಯನ್ನು ಯಾರೂ ಬೈಯುವುದಿಲ್ಲ. ಅದಕ್ಕೆ ಬೇಜಾರಾಗಿದ್ದು ತಪ್ಪು ಅಂತಲೂ ಹೇಳುವುದಿಲ್ಲ. ಹಸಿವಾದಾಗ ಅದಕ್ಕೇ ತನ್ನ ನಾಲಿಗೆ ಬೇಕೆನಿಸುತ್ತದೆ, ಅಷ್ಟೇ. ನಮ್ಮ ಬಯಲುಸೀಮೆಯ ಬೇಲಿಗಳಲ್ಲೂ ಗೋಸುಂಬೆ ಇರುತ್ತದೆ. ಅದು ಚಾಚಿದ ನಾಲಿಗೆ ಮೈಗಿಂತ ಉದ್ದ. ಎರಡು ಕಣ್ಣು ಎರಡು ಕಡೆ ಬೇರೆ ಬೇರೆ ತಿರುಗುತ್ತವೆ. ಕಥೆಯ ಗೋಸುಂಬೆ ಅಷ್ಟೆಲ್ಲ ಆಸೆಪಟ್ಟು ನೋಡಿದ ಪ್ರಾಣಿಗಳಲ್ಲಿ ಒಂದಕ್ಕೂ ಇದು ಇಲ್ಲ, ಅಲ್ವಾ?

ನಿನಗೆ ಏನೂ ಬರಲ್ಲ ಅಂದೆಯಲ್ಲ. ಅಜ್ಜಿ ಹೇಳಿದ ಕಥೆಯನ್ನು ನೀನು ತಮ್ಮನಿಗೆ ಹೇಳುವಾಗ ನಾನು ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿರುತ್ತೇನೆ. ಅಜ್ಜಿ ನಡುವೆ ಕೆಮ್ಮಿದ್ದನ್ನೂ ಬಿಡುವುದಿಲ್ಲ ನೀನು. ಅವನು ತುತ್ತು ಅಗಿಯುವುದನ್ನೇ ಮರೆತು ಬಾಯಿ ಬಿಟ್ಟುಕೊಂಡು ಕೂತಿರುತ್ತಾನೆ. ನಮ್ಮ ಮನೆಯಲ್ಲಿ ಅದು ಬರುವುದು ನಿನಗೊಬ್ಬಳಿಗೇ.

ಈಜು ಕಲಿಯುವ ಆಸೆ ಇದ್ದರೆ ಖಂಡಿತ ಕಲಿ. ಬೇಸಿಗೆ ರಜೆಗೆ ಸೇರಿಸುತ್ತೇನೆ. ನೀರಿಗಿಳಿಯುವುದು ಇಷ್ಟವಾದರೆ ಮುಂದುವರಿಸು, ಆಗದಿದ್ದರೆ ಬಿಟ್ಟುಬಿಡು. ನಾನು ಒಂದು ಮಾತೂ ಅನ್ನುವುದಿಲ್ಲ.

ತಮ್ಮನಿಗೆ ಪುಸ್ತಕ ಇನ್ನೂ ತೋರಿಸಿಲ್ಲ. ಅವನಿಗೆ ನೀನೇ ಓದಿ ಹೇಳಬೇಕು.

ನಿನ್ನ
ಅಮ್ಮ