ಐತಾರದ ಕೂಟ: ಕೈಯಾಗಿನ ಗೇಮ್ ಡಬ್ಬಿ ಉಳೀತದೇನು?

ಎಲ್ಲರಿಗೂ ನಮಸ್ಕಾರ್ರಿ. ಈ ಐತಾರ ಸಂಜಿ 5ಕ್ಕ ಪಬ್ಲಿಕ್ ಗಾರ್ಡನ್‌ದಾಗ ಸೇರೋಣ. ಹಳೇ ಗೇಮ್‌ಬಾಯ್, ಪಿಎಸ್‌ಪಿ ಅಂಥ ಕೈಯಾಗ ಹಿಡಿದು ಆಡೋ ಡಬ್ಬಿ ಇದ್ದವರು ತರ್ರಿ. ನನ್ನ ಪಿಎಸ್‌ಪಿ ಬ್ಯಾಟರಿ ಉಬ್ಬಿ ಮುಚ್ಚಳಾನೇ ಎದ್ದದ. ನಿಮ್ಮದೂ ಹಂಗಿದ್ರ ಚಾರ್ಜಿಗೆ ಹಚ್ಚಬ್ಯಾಡ್ರಿ.

ಫೋನ್ ಬಂದಮ್ಯಾಗ ಇವುಗಳ ಕಥಿ ಮುಗೀತು ಅಂದ್ರು ಮಂದಿ. 2019ರಾಗ ಸೋನಿ ವೀಟಾ ಡಬ್ಬಿ ಮಾಡೋದು ನಿಂತಿತು, 2020ರಾಗ ನಿಂಟೆಂಡೋ 3ಡಿಎಸ್ ಮಾಡೋದೂ ನಿಂತಿತು. ಆದ್ರ 2017ರಾಗ ಬಂದ ನಿಂಟೆಂಡೋ ಸ್ವಿಚ್ ಡಬ್ಬಿ ಟಿವಿಗೂ ಹಚ್ಚಬಹುದು, ಕೈಯಾಗೂ ಹಿಡೀಬಹುದು. 2022ರಾಗ ಸ್ಟೀಮ್ ಡೆಕ್ ಪಿಸಿ ಗೇಮನ್ನೇ ಅಂಗೈಗೆ ತಂತು. ಬರೇ ಕೈಗಷ್ಟೇ ಅನ್ನೋ ಡಬ್ಬಿ ಕಾಲ ಹೋಯ್ತು, ಇದು ನನ್ನ ಲೆಕ್ಕ.

ಡೆಕ್ ಮಾಡಿದ ವಾಲ್ವ್‌ದವರು 35 ಡಿಗ್ರಿ ತನಕ ಛಲೋ ನಡೀತದ ಅಂತಾರ. ಕಲಬುರಗಿ ಮೇ ತಿಂಗಳು ಅವರಿಗೇನು ಗೊತ್ತು! ಬ್ಯಾಸಗಿಯಾಗ ಆಡಿದವರು ಇದ್ರ ಅವತ್ತು ಬಂದು ಹೇಳ್ರಿ.