ನಾಲ್ಕು ಉಳಿದಿದ್ದವು

ಮಗಳು ಶಾಲಾ ಪ್ರವಾಸ ಮುಗಿಸಿಕೊಂಡು ನಿನ್ನೆ ರಾತ್ರಿ ಬಂದಳು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಎರಡು ಹಗಲು, ಒಂದು ರಾತ್ರಿ. ನಾನು ಜೊತೆಯಲ್ಲಿರಲಿಲ್ಲ. ಅವಳಿಗೀಗ 10 ವರ್ಷ, ನನ್ನನ್ನು ಬಿಟ್ಟು ಒಂದು ರಾತ್ರಿ ಕಳೆದದ್ದು ಇದೇ ಮೊದಲು.

ಅವಳಿಗೆ ಹುಟ್ಟಿನಿಂದಲೇ ಸ್ಪೈನಾ ಬೈಫಿಡಾ. ಹೊಟ್ಟೆಯಲ್ಲಿದ್ದಾಗ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಂಡಿರಲಿಲ್ಲ. ಆಪರೇಷನ್ ಆಯಿತು, ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್ ಹಾಕಿಕೊಂಡು ನಡೆಯಲು ಕಲಿತಳು. ಆದರೆ ಮೂತ್ರಚೀಲ ತುಂಬಿದ್ದು ಅವಳಿಗೆ ತಿಳಿಯುವುದಿಲ್ಲ, ತಾನಾಗಿ ಪೂರ್ತಿ ಖಾಲಿಯೂ ಆಗುವುದಿಲ್ಲ. ಹಾಗೇ ಬಿಟ್ಟರೆ ಸೋಂಕು, ಕಿಡ್ನಿಗೂ ಪೆಟ್ಟು. ಅದಕ್ಕೇ ನಾಲ್ಕು ಗಂಟೆಗೊಮ್ಮೆ ಮೂತ್ರದ ದಾರಿಯಲ್ಲಿ ಕ್ಯಾತಿಟರ್ ಎಂಬ ತೆಳ್ಳನೆಯ ನಳಿಕೆ ಹಾಕಿ, ಖಾಲಿ ಮಾಡಿ, ತೆಗೆಯಬೇಕು.

ಅದನ್ನು ನನಗೆ ಕಲಿಸಿದ ಸಿಸ್ಟರ್‌ಗೆ ಮೊದಲ ನಮಸ್ಕಾರ. ಆವತ್ತು ಕೈ ನಡುಗುತ್ತಿತ್ತು. ಗ್ಲೌಸ್ ಎಲ್ಲಿ ಅಂತ ಕೇಳಿದೆ. “ಮನೇಲಿ ಅದೆಲ್ಲ ಬೇಡಮ್ಮ, ಸೋಪು ಹಾಕಿ ಕೈ ಚೆನ್ನಾಗಿ ತೊಳ್ಕೊಳ್ಳಿ. ಹೊತ್ತು ಮಾತ್ರ ತಪ್ಪಿಸಬೇಡಿ” ಅಂದರು. ಈ ಮಾತನ್ನು 1972ರಲ್ಲಿ ಮೊದಲು ಧೈರ್ಯವಾಗಿ ಬರೆದವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡಾ. ಜ್ಯಾಕ್ ಲ್ಯಾಪಿಡೀಸ್ ಅಂತ ಆಮೇಲೆ ತಿಳಿಯಿತು. ಆಪರೇಷನ್ ಥಿಯೇಟರಿನ ಮಡಿ ಬೇಕಿಲ್ಲ, ಶುಚಿಯಾದ ಕೈ ಸಾಕು, ಚೀಲ ಬಿಗಿದು ಉಬ್ಬಲು ಬಿಡಬಾರದು ಎಂದರು ಅವರು. ಆ ಪುಣ್ಯಾತ್ಮರಿಂದಲೇ ಇದು ನಮ್ಮಂಥವರ ಬಚ್ಚಲಿಗೂ ಬಂತು.

ಮೊದಲು ಹೋದ ಶಾಲೆಯವರು “ಇಂಥದ್ದೆಲ್ಲ ನಮ್ಮಲ್ಲಿ ಆಗಲ್ಲ” ಎಂದು ಕಳಿಸಿಬಿಟ್ಟರು. ಈಗಿನ ಶಾಲೆಯ ಹೆಡ್‌ಮೇಡಂ ಏನೂ ಹೇಳದೆ ಟೀಚರುಗಳ ಟಾಯ್ಲೆಟ್ಟಿಗೆ ಹೊಸ ಚಿಲಕ ಹಾಕಿಸಿ, ಒಳಗೊಂದು ಸ್ಟೂಲು ಇಡಿಸಿದರು. ಮೂರು ವರ್ಷ ಬೆಳಿಗ್ಗೆ 11ಕ್ಕೆ, ಮಧ್ಯಾಹ್ನ 3ಕ್ಕೆ ನಾನು ಅಲ್ಲಿಗೆ ಹೋಗುತ್ತಿದ್ದೆ. ಬಿಸಿಯೂಟದ ಅಕ್ಕ ನನಗೂ ಒಂದು ತಟ್ಟೆ ತೆಗೆದಿಡುತ್ತಿದ್ದರು. ಸ್ಪೈನಾ ಬೈಫಿಡಾ ಇರುವ ಮಕ್ಕಳಲ್ಲಿ ಬಹಳ ಜನಕ್ಕೆ ರಬ್ಬರ್ ಅಲರ್ಜಿ, ನನ್ನ ಮಗಳಿಗೂ ಇದೆ. ಅದು ಗೊತ್ತಾದ ಮೇಲೆ ಅವಳ ತರಗತಿಯ ಮಕ್ಕಳು ಯಾರ ಹುಟ್ಟುಹಬ್ಬಕ್ಕೂ ಬಲೂನು ಕಟ್ಟಿಲ್ಲ. ಬಣ್ಣದ ಕಾಗದ ಕಟ್ಟುತ್ತಾರೆ. ಮಕ್ಕಳೇ, ನಿಮಗೆ ಹೇಗೆ ಋಣ ತೀರಿಸಲಿ?

ಎಲ್ಲಕ್ಕಿಂತ ದೊಡ್ಡ ಉಪಕಾರ ಆಸ್ಪತ್ರೆಯ ಕ್ಯೂನಲ್ಲಿ ಸಿಕ್ಕ ಆ ಕಾಲೇಜು ಹುಡುಗಿಯದು. ಬೆನ್ನುಮೂಳೆಗೆ ಪೆಟ್ಟಾಗಿ ವೀಲ್‌ಚೇರ್‌ನಲ್ಲಿದ್ದಳು. ತನ್ನ ಬ್ಯಾಗಿನಿಂದ ಹೂವಿನ ಪೌಚು ತೆಗೆದು, “ನಂದೂ ಇದೆ ನೋಡು” ಅಂದಳು. “ನೀವೇ ಹಾಕ್ಕೊಳ್ತೀರಾ ಅಕ್ಕಾ?” ಕೇಳಿದಳು ಮಗಳು. “ಮತ್ತೆ? ಕಾಲೇಜಿಗೆ ಅಮ್ಮ ಬರ್ತಾರಾ!” ಅಷ್ಟೇ ಮಾತು. ಮನೆಗೆ ಬಂದವಳೇ ಮಗಳು, ತಾನೇ ನೋಡಿಕೊಂಡು ಹಾಕಿಕೊಳ್ಳಲು ಕೈಗನ್ನಡಿ ಕೇಳಿದಳು. ನಾನು ಐದು ವರ್ಷ ಪುಸಲಾಯಿಸಿದ್ದರೂ ಆಗದ ಕೆಲಸ ಅದು. ಕಲಿಯಲು ಆರು ತಿಂಗಳು ಹಿಡಿಯಿತು. ಅತ್ತಳು, ಕನ್ನಡಿ ಎಸೆದಳು, ಮತ್ತೆ ಎತ್ತಿಕೊಂಡಳು. ನಿಮ್ಮ ಮನೆಯ ಮಗುವೂ ಕನ್ನಡಿ ಎಸೆಯುತ್ತಿದ್ದರೆ ಬೈಯಬೇಡಿ, ದಯವಿಟ್ಟು. ನೀವೇ ಈಗಷ್ಟೇ ಶುರು ಮಾಡಿದ್ದರೆ, ನಾಚಿಕೆಪಟ್ಟುಕೊಂಡು ನೀರು ಕುಡಿಯುವುದನ್ನು ಬಿಡಬೇಡಿ.

ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯನ್ನು ಅವಳು ಹತ್ತಲಿಲ್ಲವಂತೆ. ಇಬ್ಬರು ಗೆಳತಿಯರೂ ಹತ್ತದೆ ಅವಳ ಜೊತೆ ಕಲ್ಯಾಣಿಯ ಹತ್ತಿರ ಕೂತರಂತೆ. ಹೊತ್ತಿಗೆ ಸರಿಯಾಗಿ ಬಸ್ಸು ನಿಲ್ಲಿಸಿದ ಡ್ರೈವರ್ ಅಣ್ಣನಿಗೂ, ಬಾಗಿಲ ಹೊರಗೆ ಕಾದು ನಿಂತ ಟೀಚರಿಗೂ ಕೈ ಮುಗಿಯುತ್ತೇನೆ.

ಪೌಚಿನಲ್ಲಿ ಹೊಸ ಕ್ಯಾತಿಟರ್ 12 ಇಟ್ಟು ಕಳಿಸಿದ್ದೆ. ಅವಳು ಮಲಗಿದ ಮೇಲೆ ತೆಗೆದು ಎಣಿಸಿದೆ. ನಾಲ್ಕು ಉಳಿದಿದ್ದವು. ಒಂದು ಹೊತ್ತನ್ನೂ ತಪ್ಪಿಸಿರಲಿಲ್ಲ ನನ್ನ ಕೂಸು.